ಕೆರೆ ಮೀನುಗಾರರ ಅರಿವು: ಉದ್ಯಮಕ್ಕೆ ಮುನ್ನೆಚ್ಚರಿಕೆ

ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯು ದೊಡ್ಡಬಳ್ಳಾಪುರ ಸೀಮೆಯನ್ನು ಹಾದು ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ಜಲಾಶಯಗಳತ್ತ ಸಾಗುತ್ತದೆ. ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳಿಗೆ ನಗರದ ಒಳಚರಂಡಿ ನೀರೂ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ತ್ಯಾಜ್ಯವೂ ಸೇರುತ್ತಿವೆಯೆಂದು ಗ್ರಾಮಸ್ಥರು ಹಲವು ವರ್ಷ ಹೋರಾಡಿದ್ದಾರೆ. ಇಂತಹ ವಿವಾದಗಳಲ್ಲಿ ನಿಯಮ ಪಾಲಿಸುವ ಘಟಕವೂ ಪಾಲಿಸದ ಘಟಕವೂ ಒಂದೇ ತಕ್ಕಡಿಗೆ ಬೀಳುತ್ತವೆ. ನೀರು ಯಾವ ದಿನ, ಯಾವ ಕಾಲುವೆಯ ಕಡೆಯಿಂದ ಕೆಟ್ಟಿತೆಂಬ ದಿನವಹಿ ದಾಖಲೆ ಇಲ್ಲದಿದ್ದಲ್ಲಿ ಹೀಗಾಗುವುದು ಸಹಜ.

ಆ ದಾಖಲೆಯನ್ನು ಒದಗಿಸಬಲ್ಲವರು ಕೆರೆಯ ಮೀನುಗಾರರು. ಕಾಟ್ಲಾ, ರೋಹು ಕುಗ್ಗಿ, ಕೊಳಕು ನೀರನ್ನೂ ತಾಳಬಲ್ಲ ಜಿಲೇಬಿ ಮೀನು ಮತ್ತು ಆಫ್ರಿಕನ್ ಕ್ಯಾಟ್‌ಫಿಶ್ ಹೆಚ್ಚಿದರೆ ಅದು ಮೊದಲು ತಿಳಿಯುವುದು ಬಲೆ ಎಳೆಯುವವರಿಗೆ. ಮೀನುಗಾರಿಕೆಗೆ ಯೋಗ್ಯವಾದ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕವಿರಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಆದರೆ ಪಾಚಿ ಬೆಳೆದ ಕೆರೆಯಲ್ಲಿ ಹಗಲು ಆಮ್ಲಜನಕ ಏರಿ, ನಸುಕಿನಲ್ಲಿ ಅತ್ಯಂತ ಕೆಳಗಿಳಿಯುತ್ತದೆ. ಮಧ್ಯಾಹ್ನದ ಮಾದರಿಯಲ್ಲಿ ಕಾಣದ ದೋಷವು, ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುವುದನ್ನು ಕಂಡವರಿಗೆ ತಿಳಿದಿರುತ್ತದೆ.

ಇಂತಹ ಮಾತನ್ನು ಕಡೆಗಣಿಸಿದ್ದರ ಬೆಲೆ ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಕಂಡಿತು. ಕಾಡ್ ಮೀನು ಸಣ್ಣದಾಗುತ್ತಿದೆ, ವಿರಳವಾಗುತ್ತಿದೆ ಎಂದು ದಡದ ಮೀನುಗಾರರು 1980ರ ದಶಕದಲ್ಲಿಯೇ ಎಚ್ಚರಿಸಿದ್ದರು. ಅಧಿಕೃತ ಅಂದಾಜುಗಳು ಬೇರೆಯೇ ಹೇಳಿದವು. 1992ರಲ್ಲಿ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಸುಮಾರು 30,000 ಮಂದಿ ಕೆಲಸ ಕಳೆದುಕೊಂಡರು.

ಮೀನುಗಾರರ ಹೇಳಿಕೆಯೊಂದೇ ಸಾಕ್ಷ್ಯವಾಗದೆಂಬ ಉದ್ಯಮಿಗಳ ಆಕ್ಷೇಪ ನ್ಯಾಯವಾದುದೇ. ಮೋಡ ಕವಿದ ದಿನಗಳಲ್ಲಿ, ಮೊದಲ ಮಳೆಯ ಕೊಚ್ಚೆಯಿಂದಲೂ ಮೀನುಗಳು ಸಾಯಬಹುದು. ಆದುದರಿಂದ ಅವರ ಸೂಚನೆ ತೀರ್ಪಾಗದೆ, ಪರೀಕ್ಷೆಗೆ ಕರೆಯಾಗಬೇಕು. ಮೀನುಗಾರರ ಸಹಕಾರ ಸಂಘಗಳು ತಾರೀಖು, ಹೊತ್ತು, ಸ್ಥಳ, ಹವೆ ಹಾಗೂ ಸಿಕ್ಕ ಮೀನಿನ ಜಾತಿಗಳನ್ನು ಪುಸ್ತಕದಲ್ಲಿ ಬರೆದಿಡಲಿ. ಅಸಹಜತೆ ಕಂಡ ದಿನವೇ, ಎರಡೂ ಪಕ್ಷಗಳ ಎದುರಿನಲ್ಲಿ ನಸುಕಿನ ಮಾದರಿಯನ್ನು ತೆಗೆದು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಲಿ. ಇದರ ವೆಚ್ಚವನ್ನು ಕೈಗಾರಿಕಾ ಸಂಘಗಳು ಹಂಚಿಕೊಳ್ಳುವುದು ಉಚಿತ.

ಸ್ಥಳೀಯರ ಅರಿವನ್ನು ದಾಖಲಿಸಲು 2002ರ ಜೀವವೈವಿಧ್ಯ ಕಾಯ್ದೆಯು ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ಸಮಿತಿಗಳನ್ನು ಕಲ್ಪಿಸಿದೆ. ಈ ಪುಸ್ತಕಕ್ಕೆ ಅಲ್ಲಿಯೇ ನೆಲೆ ದೊರೆಯಬಹುದು. ಲೆಕ್ಕಪತ್ರ ಸರಿಯಿರುವ ವರ್ತಕನು ತಪಾಸಣೆಗೆ ಹೆದರುವುದಿಲ್ಲ. ನೀರನ್ನು ಶುದ್ಧೀಕರಿಸಿಯೇ ಹೊರಬಿಡುವ ಕಾರ್ಖಾನೆದಾರನಿಗೂ ಮೀನುಗಾರನ ಪುಸ್ತಕವು ಆರೋಪಪಟ್ಟಿಯಲ್ಲ, ರಕ್ಷಣೆಯ ದಾಖಲೆ.