ದಂಡು ನಡೆದ ಹಾದಿಯಲ್ಲಿ ಬಸ್ ಪಾಸು

ಕುಮಾರಸ್ವಾಮಿ ಲೇಔಟಿನಿಂದ ಕನಕಪುರ ರಸ್ತೆಗಿಳಿದು ಬೆಳಿಗ್ಗೆ ಒಂದರ್ಧ ಗಂಟೆ ನಿಂತು ನೋಡಿ. ದಕ್ಷಿಣದಿಂದ ಬರುವ ಬಸ್ಸುಗಳಲ್ಲಿ ತಲೆಗಳ ನಡುವೆ ಪುಸ್ತಕದ ಚೀಲಗಳೇ ಕಾಣುತ್ತವೆ. ನಮ್ಮ ಬೀದಿಯ ಬಾಡಿಗೆ ಕೋಣೆಯಲ್ಲಿರುವ ಕನಕಪುರದ ಹುಡುಗನನ್ನು ಕೇಳಿದೆ: "ಸುಮಾರು 45 ಕಿಲೋಮೀಟರು ತಾನೇ, ಮನೆಯಿಂದಲೇ ಓಡಾಡಬಾರದೇನಪ್ಪಾ?"

"ಓಡಾಡಬಹುದು ಸಾರ್. ಓದೋದು ಯಾವಾಗ?" ಎಂದ.

ಈ ಹಾದಿ ಲೆಕ್ಕ ತಪ್ಪಿಸುವುದು ಹೊಸತಲ್ಲ. ಕನಕಪುರದ ಹಳೆಯ ಹೆಸರು ಕಾನಕಾನಹಳ್ಳಿ. ಅರ್ಕಾವತಿ ದಂಡೆಯ ಊರು. 1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆ ಹಿಡಿದ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣಕ್ಕೆ ಹೊರಟ. ಚನ್ನಪಟ್ಟಣದ ನೇರ ದಾರಿಯಲ್ಲಿ ಟಿಪ್ಪುವಿನ ಕಾವಲಿತ್ತು. ಅದಕ್ಕೇ ಕಾನಕಾನಹಳ್ಳಿಯ ಬಳಸುದಾರಿ ಹಿಡಿದ. ಟಿಪ್ಪು ಅಲ್ಲಿಯೂ ಮೇವು, ಧಾನ್ಯ ಸಿಗದಂತೆ ಮಾಡಿಸಿದ್ದ. ಶತ್ರುವಿಗೆ ಒದಗಬಾರದೆಂದು ಊರಿನ ಕೋಟೆಯನ್ನೇ ಕೆಡವಿಸಿದನೆಂದು ಹಳೆಯ ಗೆಜೆಟಿಯರು ಹೇಳುತ್ತದೆ. ಅರಕೆರೆಯ ಬಳಿ ಕಾಳಗ ಗೆದ್ದೂ ಕಾರ್ನ್‌ವಾಲಿಸ್ ಮುಂದೆ ಹೋಗಲಾಗಲಿಲ್ಲ. ಎಳೆಯುವ ಎತ್ತುಗಳೇ ಸತ್ತುಹೋಗಿದ್ದವು. ದೊಡ್ಡ ತೋಪುಗಳನ್ನು ತಾನೇ ಹಾಳುಗೆಡವಿ ಹಿಂದಿರುಗಿದ. ಪರೀಕ್ಷೆಗೆ ಇಸವಿಗಳನ್ನು ಉರು ಹೊಡೆಯುವ ಮಕ್ಕಳು ಈ ಎತ್ತುಗಳನ್ನೂ ಸ್ವಲ್ಪ ನೆನಪಿಡಲಿ!

ಮುಂದೆ ಊರು ರೇಷ್ಮೆಗೆ ಹೆಸರಾಯಿತು. ರೈಲು ಮಾತ್ರ ಬರಲಿಲ್ಲ. ಹೆಜ್ಜಾಲದಿಂದ ಕನಕಪುರದ ಮೇಲೆ ಚಾಮರಾಜನಗರಕ್ಕೆ ಹೋಗುವ ಮಾರ್ಗ 1996–97ರಲ್ಲೇ ಮಂಜೂರಾಗಿತ್ತು. ಆ ವರ್ಷ ಹುಟ್ಟಿದ ಮಕ್ಕಳು ಓದು ಮುಗಿಸಿ ಕೆಲಸಕ್ಕೂ ಸೇರಿದರು. ಮೆಟ್ರೊ 2017ರ ಜೂನಿನಲ್ಲಿ ನಮ್ಮ ಪಕ್ಕದ ಯಲಚೇನಹಳ್ಳಿಗೆ ಬಂತು, 2021ರ ಜನವರಿಯಲ್ಲಿ ರೇಷ್ಮೆ ಸಂಸ್ಥೆಯವರೆಗೆ ಮುಂದುವರಿಯಿತು. ಅಲ್ಲಿಂದಾಚೆಗೆ 35 ಕಿಲೋಮೀಟರಿಗೂ ಹೆಚ್ಚು ದೂರ ಬಸ್ಸೇ ಗತಿ.

ಕಾಲೇಜು ಆರಿಸುವಾಗ ತಂದೆತಾಯಿಗಳು ಅಂಕ ನೋಡುತ್ತಾರೆ, ಶುಲ್ಕ ನೋಡುತ್ತಾರೆ. ದಾರಿಯನ್ನು ನಕ್ಷೆಯಲ್ಲಿ ನೋಡಿ ಬಿಡುತ್ತಾರೆ. ಸೇರಿಸುವ ಮೊದಲು ಒಂದು ಸೋಮವಾರ ಮಗನ ಜೊತೆಗೋ ಮಗಳ ಜೊತೆಗೋ ನೀವೇ ಆ ಬಸ್ಸು ಹತ್ತಿ. ನಿಲ್ದಾಣದಲ್ಲಿ ಕಾದ ಹೊತ್ತನ್ನೂ, ನಿಂತೇ ಪ್ರಯಾಣ ಮಾಡಿದ ಹೊತ್ತನ್ನೂ ಬರೆದುಕೊಳ್ಳಿ. ಸಂಜೆಯ ವಾಪಸು ಪ್ರಯಾಣವನ್ನು ಮರೆಯಬೇಡಿ; ಸುಸ್ತು ತಿಳಿಯುವುದು ಆಗಲೇ.

ನಮ್ಮ ಹುಡುಗನ ತಂದೆ ಹೀಗೆ ಒಂದು ದಿನ ಬಂದು ಹೋದರಂತೆ. ಮರುವಾರವೇ ಕೋಣೆಗೆ ಮುಂಗಡ ಕೊಟ್ಟರು. ಈಗ ಶನಿವಾರ ಮಧ್ಯಾಹ್ನ ಅವನು ಒಗೆಯುವ ಬಟ್ಟೆಯ ಚೀಲ ಹೆಗಲಿಗೇರಿಸಿ ಊರ ಬಸ್ಸು ಹಿಡಿಯುತ್ತಾನೆ.