ರಾಮಣ್ಣನವರ ಹತ್ತು ತಿಂಗಳ ಕುರ್ಚಿ

ಮುಂಬಯಿಯ ಕನ್ನಡಿಗರು ನಾಲ್ಕು ಜನ ಸೇರಿದ ಕಡೆ ರಾಜಾ ರಾಮಣ್ಣನವರ ಹೆಸರು ಬಂತೆಂದರೆ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ನಮ್ಮ ತುಮಕೂರು ಕಡೆಯವರು ಕಣ್ರೀ, ಕೇಂದ್ರದಲ್ಲಿ ಮಂತ್ರಿಯಾಗಿದ್ದರು!" ಹಿಂದೆಯೇ ಇನ್ನೊಂದು ಮಾತು: "ಇಂಥವರು ಮಂತ್ರಿಗಳಾದರೆ ದೇಶ ಉದ್ಧಾರ ಆಗುತ್ತೆ." ಮೊದಲನೆಯದು ನಿಜ. ಎರಡನೆಯದು ಬರೀ ಆಸೆ.

ಲೆಕ್ಕ ನೋಡಿ ಸ್ವಾಮಿ. 1925ರಲ್ಲಿ ಹುಟ್ಟಿದ ರಾಮಣ್ಣ 1949ರಲ್ಲಿ ಹೋಮಿ ಭಾಭಾ ಅವರ ಟಿಐಎಫ್‌ಆರ್ ಸೇರಿದರು. 1957ರಲ್ಲಿ ಟ್ರಾಂಬೆಯಲ್ಲಿ ಶುರುವಾದ ಟ್ರೈನಿಂಗ್ ಸ್ಕೂಲ್ ಕಟ್ಟುವುದರಲ್ಲಿ ಅವರ ಪಾಲು ದೊಡ್ಡದು. ದೇಶದ ಅಣು ವಿಜ್ಞಾನಿಗಳು ತಲೆಮಾರುಗಟ್ಟಲೆ ತಯಾರಾದದ್ದು ಅಲ್ಲೇ. 1972ರಲ್ಲಿ ಬಿಎಆರ್‌ಸಿ ನಿರ್ದೇಶಕರಾದರು. 1974ರ ಮೇ 18ರ ಪೋಖ್ರಾನ್ ಸ್ಫೋಟದ ಮುಂದಾಳು ಅವರೇ.

ಇನ್ನು ಮಂತ್ರಿಗಿರಿ? 1990ರ ಜನವರಿಯಿಂದ ನವೆಂಬರ್‌ವರೆಗೆ, ರಕ್ಷಣಾ ಖಾತೆಯ ರಾಜ್ಯ ಸಚಿವ. ಖಾತೆ ಇದ್ದದ್ದು ಪ್ರಧಾನಿ ವಿ.ಪಿ. ಸಿಂಗ್ ಕೈಯಲ್ಲೇ. ಸರ್ಕಾರ ಬಿತ್ತು, ಕುರ್ಚಿಯೂ ಹೋಯಿತು. ಮಂಗಳೂರಿನಲ್ಲಿ ಹುಟ್ಟಿದ, ಕೋಲಾರದ ಗಣಿಯಾಳದಲ್ಲಿ ಕಾಸ್ಮಿಕ್ ಕಿರಣಗಳ ಅಧ್ಯಯನ ಮಾಡಿಸಿದ ಎಂ.ಜಿ.ಕೆ. ಮೆನನ್ ಕೂಡ ಅದೇ ಸಂಪುಟದಲ್ಲಿ ವಿಜ್ಞಾನ ಖಾತೆಯ ರಾಜ್ಯ ಸಚಿವರು. ಇಬ್ಬರು ಘಟಾನುಘಟಿಗಳಿದ್ದರೂ ಬಹುಮತವಿಲ್ಲದ ಸರ್ಕಾರ ವರ್ಷ ತುಂಬಲಿಲ್ಲ. ಅತ್ತ ಭಾಭಾ ಎಂದೂ ಮಂತ್ರಿಯಾಗಲಿಲ್ಲ. ನೆಹರೂ ಅವರ ಜೊತೆ ನೇರ ಮಾತಿತ್ತು, ಅಷ್ಟೇ ಸಾಕಾಯಿತು.

ಅಂದರೆ ನಮ್ಮ ವಿಜ್ಞಾನಿಗಳಿಗೆ ಅಧಿಕಾರವಿರಲಿಲ್ಲ ಅಂತಲ್ಲ. ಬೇಕಾದಷ್ಟಿತ್ತು. ಇರದಿದ್ದದ್ದು ಅವರನ್ನು ಪ್ರಶ್ನಿಸುವ ವ್ಯವಸ್ಥೆ. ನನ್ನ ತಕರಾರು ಇರುವುದು ಇಲ್ಲೇ.

1983ರಿಂದ 1987ರವರೆಗೆ ರಾಮಣ್ಣ ಅಣುಶಕ್ತಿ ಆಯೋಗದ ಅಧ್ಯಕ್ಷರು. ಸುರಕ್ಷತೆ ನೋಡಿಕೊಳ್ಳಲು 1983ರಲ್ಲೇ ಒಂದು ನಿಯಂತ್ರಣ ಮಂಡಳಿ ಹುಟ್ಟಿತು. ಆದರೆ ಅದು ವರದಿ ಒಪ್ಪಿಸಬೇಕಾದದ್ದು ಅದೇ ಆಯೋಗಕ್ಕೆ! ಪರೀಕ್ಷೆ ಬರೆದವನಿಗೇ ಉತ್ತರಪತ್ರಿಕೆ ತಿದ್ದಲು ಕೊಟ್ಟ ಹಾಗೆ. ಈ ಮಂಡಳಿಗೆ ಸ್ವಾತಂತ್ರ್ಯ ಸಾಲದು ಎಂದು ಸಿಎಜಿ ವರದಿಯೇ 2012ರಲ್ಲಿ ಹೇಳಿತು.

ಕೈಗಾ ನೆನಪಿದೆಯಲ್ಲ? ಜನ ಭಯಪಟ್ಟರೆ "ನಿಮಗೆ ವಿಜ್ಞಾನ ಗೊತ್ತಿಲ್ಲ" ಎಂಬ ಉತ್ತರ. ಶಿವರಾಮ ಕಾರಂತರು ಎಂಬತ್ತೇಳರ ವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ನಿಂತು ಇದನ್ನೇ ಕೇಳಿದರು, ಸೋತರು. 1994ರ ಮೇ 13ರಂದು, ಇನ್ನೂ ಕಟ್ಟುತ್ತಿದ್ದ ಸ್ಥಾವರದ ಗುಮ್ಮಟದ ಒಳಪದರದ ಕಾಂಕ್ರೀಟ್ ಕುಸಿದು ಬಿತ್ತು. ಆಗ ರಾಮಣ್ಣ ಅಧಿಕಾರದಲ್ಲಿರಲಿಲ್ಲ, ಆ ತಪ್ಪನ್ನು ಅವರ ತಲೆಗೆ ಕಟ್ಟುವುದು ಅನ್ಯಾಯ. ಆದರೆ ಕೇಳಿದವರೆಲ್ಲ ದಡ್ಡರಲ್ಲ ಅನ್ನುವುದಂತೂ ಅವತ್ತು ಗೊತ್ತಾಯಿತು.

ಪಿಯಾನೋ ನುಡಿಸುತ್ತಿದ್ದ, ಸಂಗೀತದ ಮೇಲೆ ಪುಸ್ತಕ ಬರೆದ ಆ ದೊಡ್ಡ ಮನುಷ್ಯ 2004ರಲ್ಲಿ ಇದೇ ಮುಂಬಯಿಯಲ್ಲಿ ತೀರಿಕೊಂಡರು. ಅವರ ಬಗ್ಗೆ ಹೆಮ್ಮೆ ಪಡೋಣ, ಖಂಡಿತ. ಟ್ರೈನಿಂಗ್ ಸ್ಕೂಲಿಗಾಗಿ ಪಡೋಣ. ಹತ್ತು ತಿಂಗಳ ಕೆಂಪು ದೀಪದ ಕಾರಿಗಾಗಿ ಬೇಡ. ಇನ್ನೊಬ್ಬ ವಿಜ್ಞಾನಿ ಮಂತ್ರಿಯಾದಾಗ ಚಪ್ಪಾಳೆ ತಟ್ಟುವ ಮೊದಲು ಒಂದೇ ಒಂದು ಮಾತು ಕೇಳಿ: ಇವರನ್ನು ಪ್ರಶ್ನಿಸುವವರು ಯಾರು, ಅವರಿಗೆ ಸಂಬಳ ಕೊಡುವವರು ಯಾರು?