ಕೈಗೆ ಬಂದದ್ದೆಲ್ಲ ಲಾಭವೆ?

‘ಸಂಬಳವೆಷ್ಟು?’ ಎಂದು ಕೇಳುವುದು ಲೋಕರೂಢಿ. ‘ಕೈಗೆ ಬರುವುದೆಷ್ಟು?’ ಎಂದು ಕೇಳುವವನು ವ್ಯವಹಾರ ಬಲ್ಲವನು. ನಮ್ಮ ಮಟ್ಟುವಿನಿಂದ ಉಡುಪಿ, ಮಣಿಪಾಲಗಳಿಗೆ ದುಡಿಯಹೋಗುವವರ ಸಂಬಳದ ಚೀಟಿಯಲ್ಲಿ ಈ ಎರಡು ಅಂಕೆಗಳ ನಡುವೆ ಹಲವು ಕಡಿತಗಳಿರುತ್ತವೆ. ಕಡಿತ ಇಳಿದಾಗಲೆಲ್ಲ ನೌಕರನಿಗೆ ಲಾಭವಾಯಿತೆನ್ನುವುದುಂಟು. ಲೆಕ್ಕ ನೋಡದೆ ಈ ಮಾತನ್ನು ಒಪ್ಪಲಾಗದು.

ಮೂಲವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 15,000 ರೂ. ಪಡೆಯುವ ಒಬ್ಬ ನೌಕರನನ್ನು ತೆಗೆದುಕೊಳ್ಳೋಣ. 2023ರ ಏಪ್ರಿಲಿನಲ್ಲಿ ಕರ್ನಾಟಕ ಸರಕಾರವು ವೃತ್ತಿ ತೆರಿಗೆಯ ವಿನಾಯಿತಿಯನ್ನು 25,000 ರೂ.ಗಳಿಗೆ ಏರಿಸಿದಾಗ ಅವನಿಗೆ ತಿಂಗಳಿಗೆ 200 ರೂ. ಉಳಿಯಿತು. ಬೊಕ್ಕಸಕ್ಕೆ ಹೋಗುತ್ತಿದ್ದ ಹಣ ಮನೆಗೆ ಬಂತು. ಇದು ನಿಜವಾದ ಲಾಭ. 2019ರ ಜುಲೈಯಲ್ಲಿ ಇ.ಎಸ್.ಐ. ವಂತಿಗೆ ಶೇ. 1.75ರಿಂದ 0.75ಕ್ಕೆ ಇಳಿದಾಗಲೂ 150 ರೂ. ಉಳಿಯಿತು. ಮಾಲಿಕನ ಪಾಲು ಶೇ. 4.75ರಿಂದ 3.25ಕ್ಕೆ ಇಳಿದು ಅವನಿಗೆ 225 ರೂ. ಉಳಿಯಿತೆಂಬುದನ್ನೂ ಮರೆಯಬಾರದು.

ಆದರೆ ಭವಿಷ್ಯ ನಿಧಿಯ ಕಥೆ ಬೇರೆ. ಕೋವಿಡ್ ಕಾಲದಲ್ಲಿ, 2020ರ ಮೇ, ಜೂನ್, ಜುಲೈ ತಿಂಗಳುಗಳಿಗೆ, ವಂತಿಗೆಯನ್ನು ಶೇ. 12ರಿಂದ 10ಕ್ಕೆ ಇಳಿಸಲಾಯಿತು. ನೌಕರನ ಕೈಗೆ 300 ರೂ. ಹೆಚ್ಚು ಬಂತು, ನಿಜ. ಆದರೆ ಮಾಲಿಕನ ಪಾಲೂ ಅಷ್ಟೇ ಇಳಿದುದರಿಂದ, ಅವನ ಮುಪ್ಪಿಗೆಂದು ಸಂದಾಯವಾಗುತ್ತಿದ್ದ 3,600 ರೂ. 3,000ಕ್ಕೆ ಇಳಿಯಿತು. ಮಾಲಿಕನ ಪಾಲನ್ನೂ ಸೇರಿಸಿ ಸಂಬಳ ಗೊತ್ತುಮಾಡಿದ್ದಲ್ಲಿ ಆ 300 ರೂ. ನೌಕರನಿಗೇ ಸಲ್ಲಬೇಕಿತ್ತು, ಉಳಿದೆಡೆ ಅದು ಮಾಲಿಕನಲ್ಲಿಯೇ ಉಳಿಯಿತು. ಬೀಡಿ ಕಟ್ಟುವ ನಮ್ಮ ತಾಯಂದಿರಿಗಂತೂ ಮೊದಲೇ ಶೇ. 10ರ ದರವಿದ್ದುದರಿಂದ ಇದರಿಂದ ಒಂದು ಕಾಸೂ ಸಿಗಲಿಲ್ಲ.

ಕಷ್ಟಕಾಲದಲ್ಲಿ ಅಕ್ಕಿಗೆ ಮುನ್ನೂರು ರೂಪಾಯಿ ಒದಗಿದ್ದು ಸಣ್ಣ ಮಾತೇನಲ್ಲ ಎಂದು ಕೆಲವರು ಹೇಳಿಯಾರು. ಒಪ್ಪೋಣ. ಆದರೆ ಸಾರ್ವಜನಿಕ ಉದ್ಯಮಗಳಲ್ಲಿ ನೌಕರನ ಪಾಲನ್ನು ಮಾತ್ರ ಶೇ. 10ಕ್ಕೆ ಇಳಿಸಿ, ಉದ್ಯಮದ ಪಾಲನ್ನು ಶೇ. 12ರಲ್ಲಿಯೇ ಉಳಿಸಲಾಗಿತ್ತು. ಅಲ್ಲಿ ಸಾಧ್ಯವಾದುದು ಲಾಭದಲ್ಲಿ ನಡೆಯುವ ಖಾಸಗಿ ಉದ್ಯಮಗಳಿಗೆ ಏಕೆ ಸಾಧ್ಯವಿರಲಿಲ್ಲ?

ಬೀಜಕ್ಕೆ ಬಿಟ್ಟ ಗುಳ್ಳವನ್ನೂ ಕೊಯ್ದು ಮಾರಿದರೆ ಇಂದಿನ ಬುಟ್ಟಿ ತುಂಬೀತು. ಮುಂದಿನ ಬೆಳೆಗೇನು ಗತಿ? ತೆರಿಗೆ ಇಳಿದರೆ ಸಂತೋಷಪಡೋಣ. ಉಳಿತಾಯವನ್ನು ಇಳಿಸಿ ಅದನ್ನೇ ಉಪಕಾರವೆಂದರೆ ಮಾತ್ರ ಪ್ರಶ್ನಿಸೋಣ. ನಾಳೆ ನೌಕರಿಗೆ ಸೇರಲಿರುವ ಸಹಪಾಠಿಗಳು ಮೊದಲ ಸಂಬಳದ ಚೀಟಿಯ ಕೊನೆಯ ಅಂಕೆಯನ್ನು ಮಾತ್ರವಲ್ಲ, ನಡುವಿನ ಸಾಲುಗಳನ್ನೂ ಓದಲಿ.